ಸೆನ್ಸರ್ ಇಲ್ಲದ ಡ್ರೋನ್ ಮೋಟರನ್ನು ಇಎಸ್‌ಸಿ ತಿರುಗಿಸುವುದು ಹೇಗೆ?

ಡ್ರೋನ್ ಮೋಟರಿನಿಂದ ಹೊರಗೆ ಬರುವುದು ಮೂರೇ ವೈರ್. ಒಳಗೆ ಬ್ರಶ್ ಇಲ್ಲ, ರೋಟರ್, ಅಂದರೆ ತಿರುಗುವ ಭಾಗ, ಎಲ್ಲಿದೆ ಎಂದು ಹೇಳುವ ಸೆನ್ಸರ್ ಕೂಡ ಇಲ್ಲ. ಹಾಗಾದರೆ ಯಾವ ಸುರುಳಿಗೆ ಯಾವಾಗ ಕರೆಂಟ್ ಕೊಡಬೇಕು ಅಂತ ಸ್ಪೀಡ್ ಕಂಟ್ರೋಲರ್, ಅಂದರೆ ಇಎಸ್‌ಸಿಗೆ ಗೊತ್ತಾಗುವುದು ಹೇಗೆ? ಸುಮ್ನೆ ಕೂತಿರುವ ವೈರೇ ಹೇಳಿಕೊಡುತ್ತದೆ.

ಇಎಸ್‌ಸಿಯಲ್ಲಿ ಒಂದು ಪುಟ್ಟ ಮೈಕ್ರೋಕಂಟ್ರೋಲರ್, ವೈರಿಗೆ ಎರಡರಂತೆ 6 ಮಾಸ್‌ಫೆಟ್ ಸ್ವಿಚ್‌ಗಳು ಇರುತ್ತವೆ. ಒಂದು ವೈರ್ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಮೈನಸ್‌ಗೆ, ಮೂರನೆಯದು ಎಲ್ಲಿಗೂ ಇಲ್ಲ. ಈ ಜೋಡಣೆಯನ್ನು 6 ಹಂತಗಳಲ್ಲಿ ಬದಲಿಸುತ್ತಾ ಹೋದರೆ ಕಾಂತಕ್ಷೇತ್ರ ಸುತ್ತುತ್ತದೆ, ರೋಟರಿನ ಮ್ಯಾಗ್ನೆಟ್‌ಗಳು ಅದರ ಹಿಂದೆ ಓಡುತ್ತವೆ.

ಈಗ ಒಂದು ಸಣ್ಣ ಪರೀಕ್ಷೆ. ಬಿಚ್ಚಿಟ್ಟ ಮೋಟರಿನ ಮೂರೂ ವೈರ್ ತುದಿಗಳನ್ನು ಒಂದಕ್ಕೊಂದು ಮುಟ್ಟಿಸಿ ಹಿಡಿದು, ರೋಟರನ್ನು ಬೆರಳಿನಿಂದ ತಿರುಗಿಸಿ. ಜಾಸ್ತಿ ಬಿಗಿ ಅನಿಸುತ್ತೆ ಅಲ್ವಾ? ತಿರುಗುವ ಮೋಟರ್ ತಾನೇ ವೋಲ್ಟೇಜ್ ಹುಟ್ಟಿಸುತ್ತದೆ, ಮುಟ್ಟಿಸಿದ ವೈರ್‌ಗಳಲ್ಲಿ ಅದರಿಂದ ಹರಿಯುವ ಕರೆಂಟ್ ರೋಟರನ್ನು ತಡೆಯುತ್ತದೆ. ಆ ವೋಲ್ಟೇಜೇ ಬ್ಯಾಕ್ ಇಎಂಎಫ್.

ಖಾಲಿ ಬಿಟ್ಟ ವೈರಿನಲ್ಲಿ ಇದನ್ನು ಅಳೆಯಬಹುದು. ಅದು ಮೂರು ಸುರುಳಿಗಳ ನಡುಬಿಂದುವಿನ ವೋಲ್ಟೇಜನ್ನು ದಾಟಿದ ಗಳಿಗೆಯನ್ನು ಕಂಪ್ಯಾರೇಟರ್ (ಎರಡು ವೋಲ್ಟೇಜ್‌ಗಳನ್ನು ಹೋಲಿಸುವ ಸರ್ಕ್ಯೂಟ್) ಹಿಡಿಯುತ್ತದೆ. ಇದು ಜೀರೋ ಕ್ರಾಸಿಂಗ್. ಹಿಂದಿನ ಎರಡು ಕ್ರಾಸಿಂಗ್‌ಗಳ ನಡುವೆ ಎಷ್ಟು ಹೊತ್ತಾಯಿತೋ ಅದರ ಅರ್ಧದಷ್ಟು ಕಾದು ಮುಂದಿನ ಹಂತಕ್ಕೆ ಹೋದರೆ ಆಯಿತು, ಟೈಮಿಂಗ್ ಅಡ್ವಾನ್ಸ್ (ಹಂತವನ್ನು ಸ್ವಲ್ಪ ಮುಂಚೆಯೇ ಬದಲಿಸುವ ಸೆಟ್ಟಿಂಗ್) ಹೆಚ್ಚಿಸಿದರೆ ಕಾಯುವುದು ಇನ್ನೂ ಕಡಿಮೆ. 14 ಮ್ಯಾಗ್ನೆಟ್‌ಗಳ ಮೋಟರಿನಲ್ಲಿ ಒಂದು ಸುತ್ತಿಗೆ 42 ಹಂತ. 1000 ಕೆವಿ (ಕಿಲೋವೋಲ್ಟ್ ಅಲ್ಲ, ಒಂದು ವೋಲ್ಟಿಗೆ ನಿಮಿಷಕ್ಕೆ 1000 ಸುತ್ತು) ಮೋಟರಿಗೆ 11.1 ವೋಲ್ಟ್ ಕೊಟ್ಟರೆ, ಲೋಡ್ ಇಲ್ಲದಾಗ, ಸೆಕೆಂಡಿಗೆ ಸುಮಾರು 7,770 ಹಂತ!

ಆದರೆ ನಿಂತ ಮೋಟರಿನಲ್ಲಿ ಬ್ಯಾಕ್ ಇಎಂಎಫ್ ಎಲ್ಲಿಂದ ಬರಬೇಕು? ಅದಕ್ಕೇ ಶುರುವಿನಲ್ಲಿ ಇಎಸ್‌ಸಿ ಕುರುಡಾಗಿಯೇ ಹಂತಗಳನ್ನು ಬದಲಿಸುತ್ತದೆ, ಮೊದಲು ನಿಧಾನ, ಆಮೇಲೆ ಜೋರು. ಬ್ಯಾಟರಿ ಸತ್ತ ಬೈಕನ್ನು ತಳ್ಳಿ ಸ್ಟಾರ್ಟ್ ಮಾಡಿದ ಹಾಗೆ. ಸ್ವಲ್ಪ ವೇಗ ಬಂದು ಸಿಗ್ನಲ್ ಸಿಕ್ಕ ಕೂಡಲೇ ಲೆಕ್ಕ ಹಿಡಿಯುತ್ತದೆ. ಸ್ಟಾರ್ಟ್ ಆಗುವಾಗ ಮೋಟರ್ ಒಮ್ಮೊಮ್ಮೆ ತಡವರಿಸುವುದು ಇದಕ್ಕೇ.

ಭಾರದ ಪ್ರೊಪೆಲ್ಲರ್ ಹಾಕಿ ಥ್ರಾಟಲನ್ನು ದಿಢೀರ್ ಅಂತ ಏರಿಸಿದರೆ ಕ್ರಾಸಿಂಗ್ ತಪ್ಪಿಹೋಗಬಹುದು. ಇದನ್ನೇ ಡೀಸಿಂಕ್ ಅನ್ನುತ್ತಾರೆ: ಮೋಟರ್ ಕಿರ್ ಅಂತ ಕಿರುಚುತ್ತದೆ, ಡ್ರೋನ್ ಪಲ್ಟಿ ಹೊಡೆಯುತ್ತದೆ. ಮೊದಲು ಬೆಸುಗೆ ಸಡಿಲವಾಗಿದೆಯಾ ನೋಡಿ, ಆಮೇಲೆ ಇಎಸ್‌ಸಿಯ ಟೈಮಿಂಗ್ ಮತ್ತು ಡೀಮ್ಯಾಗ್ (ಡೀಸಿಂಕ್ ತಡೆಯಲು ಇರುವ) ಸೆಟ್ಟಿಂಗ್ ಮುಟ್ಟಿ. ಪರೀಕ್ಷೆ ಮಾಡುವಾಗ ಪ್ರೊಪೆಲ್ಲರ್ ತೆಗೆದಿಡಿ, ಇದರಲ್ಲಿ ರಾಜಿ ಬೇಡ. ಮೋಟರ್ ಉಲ್ಟಾ ತಿರುಗಿದರೆ ಮೂರರಲ್ಲಿ ಯಾವುದಾದರೂ ಎರಡು ವೈರ್ ಅದಲು ಬದಲು ಮಾಡಿ.