ಸಂಬಳದಲ್ಲಿ ದೊಡ್ಡ ಏರಿಕೆ: ಕೇಳುವುದು ಹೇಗೆ, ಕೆಲಸ ಬದಲಿಸುವುದು ಯಾವಾಗ?

ವರ್ಷಕ್ಕೊಮ್ಮೆ ಬರುವ ಇನ್‌ಕ್ರಿಮೆಂಟ್‌ನಿಂದಲೇ ಸಂಬಳ ಗಣನೀಯವಾಗಿ ಏರುವುದು ಅಪರೂಪ. ಇದಕ್ಕೆ ಮೇಲಧಿಕಾರಿಯ ಜಿಪುಣತನವೇ ಕಾರಣವಾಗಿರಬೇಕಿಲ್ಲ. ಬಹುತೇಕ ದೊಡ್ಡ ಸಂಸ್ಥೆಗಳಲ್ಲಿ ವೇತನ ಹೆಚ್ಚಳಕ್ಕೆಂದು ಒಂದು ಮೊತ್ತವನ್ನು ಮೊದಲೇ ನಿಗದಿಪಡಿಸಿ ವಿಭಾಗಗಳಿಗೆ ಹಂಚಿರುತ್ತಾರೆ. ಒಂದು ತಂಡದಲ್ಲಿ ಒಬ್ಬರಿಗೆ ಹೆಚ್ಚು ಕೊಟ್ಟರೆ ಇನ್ನೊಬ್ಬರ ಪಾಲಿನಿಂದ ಕಡಿತ ಮಾಡಬೇಕಾಗುತ್ತದೆ. ಇದರ ಜೊತೆಗೆ ಪ್ರತಿ ಹುದ್ದೆಗೂ ಕನಿಷ್ಠ ಮತ್ತು ಗರಿಷ್ಠ ವೇತನದ ಮಿತಿ ಇರುತ್ತದೆ; ಆ ಗರಿಷ್ಠದ ಹತ್ತಿರ ತಲುಪಿದವರು ಎಷ್ಟೇ ಚೆನ್ನಾಗಿ ದುಡಿದರೂ ಅವರ ಇನ್‌ಕ್ರಿಮೆಂಟ್ ಚಿಕ್ಕದಾಗುತ್ತಾ ಹೋಗುತ್ತದೆ. ಹೊಸಬರನ್ನು ನೇಮಿಸಿಕೊಳ್ಳುವ ಹಣವಾದರೋ ಸಾಮಾನ್ಯವಾಗಿ ಬೇರೆ ಲೆಕ್ಕದಿಂದ, ಆ ಹೊತ್ತಿನ ಮಾರುಕಟ್ಟೆ ದರಕ್ಕೆ ಅನುಗುಣವಾಗಿ ಬರುತ್ತದೆ. ಹತ್ತು ವರ್ಷ ದುಡಿದವರಿಗಿಂತ ಕಳೆದ ತಿಂಗಳು ಸೇರಿದವರ ಸಂಬಳ ಹೆಚ್ಚಿರುವುದು ಈ ಎರಡು ಲೆಕ್ಕಗಳು ಬೇರೆಬೇರೆಯಾಗಿರುವುದರಿಂದಲೇ.

ಆದ್ದರಿಂದ ದೊಡ್ಡ ಏರಿಕೆ ಬೇಕೆನ್ನುವವರು ಇನ್‌ಕ್ರಿಮೆಂಟ್‌ಗಾಗಿ ಕಾಯುವ ಬದಲು, ತಮ್ಮ ಕೆಲಸದ ಬೆಲೆಯನ್ನು ಹೊಸದಾಗಿ ಕಟ್ಟಿಸಿಕೊಳ್ಳುವ ಸಂದರ್ಭವನ್ನು ತಾವೇ ಸೃಷ್ಟಿಸಬೇಕು. ಬಡ್ತಿ, ಹುದ್ದೆಯ ಮರುನಿಗದಿ, ಮತ್ತೊಂದು ವಿಭಾಗಕ್ಕೆ ವರ್ಗಾವಣೆ, ಇಲ್ಲವೇ ಬೇರೆ ಸಂಸ್ಥೆ, ಇವೆಲ್ಲವೂ ಅಂತಹ ಸಂದರ್ಭಗಳೇ. ಕೆಲಸ ಬದಲಿಸುವುದು ಇವುಗಳಲ್ಲಿ ಒಂದು ಮಾತ್ರ.

ಮೊದಲು ಲೆಕ್ಕ

ನಿಮ್ಮ ಸಂಬಳ ನಿಜವಾಗಿ ಎಷ್ಟು ಏರಿದೆ ಎಂಬುದನ್ನು ಹಣದುಬ್ಬರ ಕಳೆದು ನೋಡಿ. ಬೆಲೆಗಳು ಶೇ 6ರಷ್ಟು ಏರಿದ ವರ್ಷದಲ್ಲಿ ಸಂಬಳ ಶೇ 8ರಷ್ಟು ಹೆಚ್ಚಾದರೆ, ಕೊಳ್ಳುವ ಶಕ್ತಿ ಹೆಚ್ಚಿದ್ದು ಶೇ 2ಕ್ಕಿಂತ ಕಡಿಮೆ. ಕಳೆದ ನಾಲ್ಕೈದು ವರ್ಷಗಳ ಅಂಕಿಗಳನ್ನು ಹೀಗೆ ಒಂದು ಹಾಳೆಯಲ್ಲಿ ಬರೆದು ನೋಡಿದರೆ, ಮುಂದೆ ಸಾಗಿದ್ದೇವೆಂದು ಭಾವಿಸಿದ್ದ ಎಷ್ಟೋ ಮಂದಿಗೆ ತಾವು ನಿಂತಲ್ಲೇ ನಿಂತಿರುವುದು ತಿಳಿಯುತ್ತದೆ.

ಒಂದು ಸಲ ಸಿಕ್ಕ ದೊಡ್ಡ ಏರಿಕೆಗೆ ಇಷ್ಟು ಬೆಲೆ ಏಕೆ ಎಂಬುದೂ ಲೆಕ್ಕದಲ್ಲೇ ಕಾಣುತ್ತದೆ. ಸಂಬಳವನ್ನು 100 ಎಂದಿಟ್ಟುಕೊಳ್ಳೋಣ. ಪ್ರತಿ ವರ್ಷ ಶೇ 5ರಂತೆ ಏರಿದರೆ ಐದು ವರ್ಷಗಳ ನಂತರ ಅದು ಸುಮಾರು 128 ಆಗುತ್ತದೆ. ಮೊದಲ ವರ್ಷ ಶೇ 20ರಷ್ಟು ಏರಿ, ಉಳಿದ ನಾಲ್ಕು ವರ್ಷ ಅದೇ ಶೇ 5ರಂತೆ ಸಾಗಿದರೆ ಸುಮಾರು 146 ಆಗುತ್ತದೆ. ಮುಂದಿನ ಪ್ರತಿ ಇನ್‌ಕ್ರಿಮೆಂಟ್, ಪ್ರತಿ ಬೋನಸ್ ಈ ಎತ್ತರಿಸಿದ ಮೂಲದ ಮೇಲೆಯೇ ಲೆಕ್ಕ ಹಾಕಲ್ಪಡುವುದರಿಂದ ಅಂತರ ವರ್ಷದಿಂದ ವರ್ಷಕ್ಕೆ ಹಿಗ್ಗುತ್ತದೆ. ಸಂಬಳದ ಮಾತೆತ್ತಲು ಸಂಕೋಚಪಡುವವರು ಕಳೆದುಕೊಳ್ಳುವುದು ಒಂದು ವರ್ಷದ ಹಣವನ್ನಷ್ಟೇ ಅಲ್ಲ.

ಮಾರುಕಟ್ಟೆಯ ದರ ತಿಳಿಯುವುದು

ನಿಮ್ಮ ಕೆಲಸಕ್ಕೆ ಹೊರಗೆ ಎಷ್ಟು ಕೊಡುತ್ತಿದ್ದಾರೆ ಎಂಬುದು ಗೊತ್ತಿಲ್ಲದೆ ಕೇಳಲು ಹೊರಟರೆ ಬೇಡಿಕೆ ತೀರಾ ಕಡಿಮೆಯಾಗುತ್ತದೆ, ಇಲ್ಲವೇ ಆಧಾರವಿಲ್ಲದ್ದಾಗುತ್ತದೆ. ಉದ್ಯೋಗ ಜಾಹೀರಾತುಗಳಲ್ಲಿ ವೇತನ ಶ್ರೇಣಿ ಪ್ರಕಟಿಸುವುದನ್ನು ಕೆಲವೆಡೆ ಕಾನೂನೇ ಕಡ್ಡಾಯಗೊಳಿಸಿದೆ. ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಇಂತಹ ನಿಯಮ 2021ರ ಜನವರಿಯಿಂದ ಜಾರಿಯಲ್ಲಿದೆ. ಐರೋಪ್ಯ ಒಕ್ಕೂಟ 2023ರಲ್ಲಿ ಅಂಗೀಕರಿಸಿದ ನಿರ್ದೇಶನದ ಪ್ರಕಾರ, ಅಭ್ಯರ್ಥಿಗೆ ಆರಂಭಿಕ ವೇತನದ ಮಾಹಿತಿಯನ್ನು ಮುಂಚಿತವಾಗಿ ಕೊಡಬೇಕು ಮತ್ತು ಆತನ ಹಿಂದಿನ ಸಂಬಳವನ್ನು ಕೇಳುವಂತಿಲ್ಲ. ನೀವಿರುವ ಕಡೆ ಇಂತಹ ನಿಯಮವಿಲ್ಲದಿದ್ದರೂ, ಒಂದೇ ಸಂಸ್ಥೆಯ ಬೇರೆ ಬೇರೆ ಹುದ್ದೆಗಳ ಶ್ರೇಣಿಗಳ ನಡುವಿನ ಅಂತರವನ್ನು ಈ ಜಾಹೀರಾತುಗಳಿಂದ ಅಂದಾಜು ಮಾಡಬಹುದು. ನಿಮ್ಮಂತಹ ಹುದ್ದೆಗೂ ಅದರ ಮೇಲಿನದಕ್ಕೂ ಶೇಕಡಾ ಎಷ್ಟು ವ್ಯತ್ಯಾಸವಿದೆ ಎಂಬುದು ಗೊತ್ತಾದರೆ ಅದು ಉಪಯುಕ್ತ ಮಾಹಿತಿ.

ಇದಕ್ಕಿಂತ ನಂಬಲರ್ಹವಾದ ಮಾಹಿತಿ ಮನುಷ್ಯರಿಂದ ಬರುತ್ತದೆ: ಇತ್ತೀಚೆಗೆ ಸಂಸ್ಥೆ ಬಿಟ್ಟ ಸಹೋದ್ಯೋಗಿಗಳು, ನಿಮ್ಮ ಕ್ಷೇತ್ರದಲ್ಲೇ ನೇಮಕಾತಿ ನಡೆಸುವ ಏಜೆನ್ಸಿಯವರು, ಒಮ್ಮೊಮ್ಮೆ ಕೊಡುವ ಸಂದರ್ಶನಗಳು. “ನಿನ್ನ ಸಂಬಳ ಎಷ್ಟು?” ಎಂದು ನೇರವಾಗಿ ಕೇಳುವುದು ಕಷ್ಟವಾದರೆ, “ಈ ಹುದ್ದೆಗೆ, ಇಷ್ಟು ಅನುಭವಕ್ಕೆ ಎಷ್ಟು ಕೇಳಿದರೆ ಸರಿ ಎನ್ನುತ್ತೀರಿ?” ಎಂದು ಕೇಳಬಹುದು. ಈ ಪ್ರಶ್ನೆಗೆ ಜನ ಮುಜುಗರವಿಲ್ಲದೆ ಉತ್ತರಿಸುತ್ತಾರೆ.

ಇರುವಲ್ಲೇ ಕೇಳುವ ಕ್ರಮ

ಹೊರಗೆ ಹುಡುಕುವ ಮೊದಲು ಒಳಗೆ ಒಮ್ಮೆ ಸರಿಯಾಗಿ ಕೇಳಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಮನಸ್ಸಿನಲ್ಲೇ ಅಸಮಾಧಾನ ಬೆಳೆಸಿಕೊಂಡು, ಒಂದು ದಿನ ಇದ್ದಕ್ಕಿದ್ದಂತೆ ರಾಜೀನಾಮೆ ಕೊಡುವವರ ಪೈಕಿ ಎಷ್ಟೋ ಮಂದಿ ತಮಗೆ ಬೇಕಾದದ್ದನ್ನು ಯಾರ ಬಳಿಯೂ ಬಾಯಿಬಿಟ್ಟು ಹೇಳಿರುವುದಿಲ್ಲ.

ಮಾತುಕತೆಗೆ ಮೂರು ತಿಂಗಳ ಮೊದಲೇ ಕೆಲಸದ ದಾಖಲೆ ಬರೆಯಲು ಆರಂಭಿಸಿ. “ಮಾಸಿಕ ವರದಿಯ ಜವಾಬ್ದಾರಿ ನಿರ್ವಹಿಸಿದೆ” ಎಂಬ ವಾಕ್ಯ ಏನನ್ನೂ ಸಾಬೀತು ಮಾಡುವುದಿಲ್ಲ. “ಮೂರು ದಿನ ಹಿಡಿಯುತ್ತಿದ್ದ ಮಾಸಿಕ ವರದಿ ಈಗ ಅರ್ಧ ದಿನದಲ್ಲಿ ಮುಗಿಯುತ್ತಿದೆ” ಎಂಬುದು ಸಾಬೀತು ಮಾಡುತ್ತದೆ. ತಂದುಕೊಟ್ಟ ವ್ಯಾಪಾರ, ಉಳಿಸಿದ ಖರ್ಚು, ತಗ್ಗಿಸಿದ ಸಮಯ, ತಪ್ಪಿಸಿದ ಅನಾಹುತ, ಇವುಗಳಲ್ಲಿ ಯಾವುದಾದರೂ ಒಂದರ ಕೆಳಗೆ ಪ್ರತಿ ಸಂಗತಿಯೂ ಬರುವಂತಿರಬೇಕು. ದಾದಿಯರು, ಶಿಕ್ಷಕರಂತಹವರ ಕೆಲಸವನ್ನು ಹೀಗೆ ಅಂಕಿಗಳಲ್ಲಿ ಹಿಡಿಯುವುದು ಕಷ್ಟ. ಅಂತಹವರು ತಮ್ಮ ಹುದ್ದೆಯ ವಿವರಣೆಯಲ್ಲಿ ಇಲ್ಲದಿದ್ದರೂ ತಾವು ಹೊರುತ್ತಿರುವ ಹೊಣೆಗಳನ್ನು, ಉದಾಹರಣೆಗೆ ಹೊಸಬರಿಗೆ ತರಬೇತಿ ಕೊಡುವುದು, ಪಾಳಿಯ ಉಸ್ತುವಾರಿ ನೋಡಿಕೊಳ್ಳುವುದು ಮುಂತಾದವನ್ನು, ದಿನಾಂಕ ಸಹಿತ ಬರೆದಿಡಬೇಕು.

ಕೇಳುವ ಸಮಯವೂ ಮುಖ್ಯ. ಅಪ್ರೈಸಲ್ ಸಭೆಯಲ್ಲಿ ಕೇಳಿದರೆ ತಡವಾಗಿರುತ್ತದೆ, ಏಕೆಂದರೆ ಅಷ್ಟರಲ್ಲಿ ಅಂಕಿಗಳು ಬಹುತೇಕ ತೀರ್ಮಾನವಾಗಿರುತ್ತವೆ. ಮುಂದಿನ ವರ್ಷದ ಬಜೆಟ್ ಸಿದ್ಧವಾಗುವುದು ಯಾವಾಗ ಎಂದು ವಿಚಾರಿಸಿಕೊಂಡು, ಅದಕ್ಕೆ ಎರಡು ಮೂರು ತಿಂಗಳ ಮುಂಚೆಯೇ ಮೇಲಧಿಕಾರಿಯೊಂದಿಗೆ ಈ ವಿಷಯಕ್ಕೆಂದೇ ಸಮಯ ಗೊತ್ತುಮಾಡಿಕೊಳ್ಳಿ.

ಮಾತುಕತೆಯಲ್ಲಿ ಒಂದು ನಿರ್ದಿಷ್ಟ ಅಂಕಿಯನ್ನು ನೀವೇ ಮೊದಲು ಹೇಳುವುದು, ಮಾರುಕಟ್ಟೆಯ ದರ ಚೆನ್ನಾಗಿ ತಿಳಿದಿದ್ದಾಗ, ಸಾಮಾನ್ಯವಾಗಿ ಲಾಭದಾಯಕ. ಮೊದಲು ಕಿವಿಗೆ ಬಿದ್ದ ಅಂಕಿಯ ಸುತ್ತಲೇ ಜನರ ಅಂದಾಜುಗಳು ಸುತ್ತುತ್ತವೆ ಎಂಬುದನ್ನು ಮನೋವಿಜ್ಞಾನಿಗಳಾದ ಏಮೊಸ್ ಟ್ವರ್ಸ್ಕಿ ಮತ್ತು ಡೇನಿಯಲ್ ಕಾನಮನ್ 1974ರಲ್ಲೇ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ವಿವರಿಸಿದ್ದರು. “ಸ್ವಲ್ಪ ಜಾಸ್ತಿ ಮಾಡಿಕೊಡಿ” ಎಂದರೆ ಆ ಸ್ವಲ್ಪದ ಪ್ರಮಾಣವನ್ನು ನಿರ್ಧರಿಸುವ ಹಕ್ಕನ್ನು ಎದುರಿನವರಿಗೇ ಒಪ್ಪಿಸಿದಂತೆ. ಬದಲಿಗೆ ಹೀಗೆ ಹೇಳಬಹುದು: “ಸರ್, ಕಳೆದ ಒಂದೂವರೆ ವರ್ಷದಿಂದ ನಾನು ಮಾಡುತ್ತಿರುವುದು ಇದರ ಮೇಲಿನ ಹುದ್ದೆಯ ಕೆಲಸ. ವಿವರಗಳು ಈ ಪುಟದಲ್ಲಿವೆ. ಹೊರಗೆ ಈ ಕೆಲಸಕ್ಕಿರುವ ದರವನ್ನೂ ನೋಡಿದ್ದೇನೆ. ನನ್ನ ಹುದ್ದೆಯನ್ನು ಬದಲಿಸಿ, ಸಂಬಳವನ್ನು ಶೇ 22ರಷ್ಟು ಏರಿಸಬೇಕೆಂದು ಕೇಳಿಕೊಳ್ಳುತ್ತಿದ್ದೇನೆ.” ಇಷ್ಟು ಹೇಳಿ ಮೌನವಾಗಿರಬೇಕು, ಆ ಮೌನವನ್ನು ತುಂಬಲು ಹೋಗಿ ತಮ್ಮ ಬೇಡಿಕೆಯನ್ನು ತಾವೇ ಇಳಿಸುವವರು ಬಹಳ. ಮನೆಯ ಸಾಲ, ಮಕ್ಕಳ ಶುಲ್ಕ ಎಷ್ಟೇ ನಿಜವಾದ ಕಷ್ಟಗಳಾದರೂ ಇಲ್ಲಿ ಅವುಗಳಿಗೆ ಜಾಗವಿಲ್ಲ. ಅವುಗಳನ್ನು ಪ್ರಸ್ತಾಪಿಸಿದ ಕೂಡಲೇ ನೀವು ಕೇಳುತ್ತಿರುವುದು ಕೆಲಸದ ಬೆಲೆಯಾಗಿ ಉಳಿಯದೆ ಸಹಾಯವಾಗಿಬಿಡುತ್ತದೆ.

ಹುದ್ದೆಯ ಹೆಸರನ್ನೂ ಕೇಳಬೇಕೆಂದಿದ್ದಕ್ಕೆ ಕಾರಣವಿದೆ. ಈಗಿನ ಹುದ್ದೆಯ ಗರಿಷ್ಠ ಮಿತಿಯೇ ಅಡ್ಡಿಯಾಗಿದ್ದರೆ, ಮೇಲಧಿಕಾರಿಗೆ ಮನಸ್ಸಿದ್ದರೂ ಆ ಮಿತಿಯೊಳಗೆ ಅವರು ಹೆಚ್ಚೇನೂ ಮಾಡಲಾರರು. ಉತ್ತರ “ಈಗ ಆಗುವುದಿಲ್ಲ” ಎಂದಾದರೆ ಮೂರು ಪ್ರಶ್ನೆ ಕೇಳಿ: ಏನು ಮಾಡಿದರೆ ಆಗುತ್ತದೆ, ಯಾವಾಗ ಆಗುತ್ತದೆ, ತೀರ್ಮಾನಿಸುವವರು ಯಾರು? ಬಂದ ಉತ್ತರಗಳನ್ನು ಅದೇ ದಿನ ವಿನಯಪೂರ್ವಕವಾದ ಇಮೇಲ್‌ನಲ್ಲಿ ಬರೆದು ಕಳಿಸಿ. ಹೇಳಿದ ಗಡುವು ಕಾರಣವಿಲ್ಲದೆ ದಾಟಿದರೆ ಹೊರಗೆ ನೋಡುವ ಸಮಯ ಬಂದಿದೆ ಎಂದರ್ಥ.

ಕೆಲಸ ಬದಲಿಸಿದರೆ ನಿಜಕ್ಕೂ ಹೆಚ್ಚುತ್ತದೆಯೇ?

ಉತ್ತರ ಮೂರು ಸಂಗತಿಗಳನ್ನು ಅವಲಂಬಿಸಿದೆ. ಮೊದಲನೆಯದು, ವೃತ್ತಿಯ ಹಂತ: ಆರಂಭದ ವರ್ಷಗಳಲ್ಲಿ ಹೌದು ಎನ್ನಲು ಗಟ್ಟಿ ಆಧಾರವಿದೆ. ಅರ್ಥಶಾಸ್ತ್ರಜ್ಞರಾದ ರಾಬರ್ಟ್ ಟೋಪೆಲ್ ಮತ್ತು ಮೈಕಲ್ ವಾರ್ಡ್ 1992ರಲ್ಲಿ ಪ್ರಕಟಿಸಿದ ಅಧ್ಯಯನ, ಅಮೆರಿಕದ ಯುವಕರು ಮೊದಲ ಹತ್ತು ವರ್ಷಗಳಲ್ಲಿ ಸರಾಸರಿ ಏಳು ಕೆಲಸಗಳನ್ನು ಮಾಡಿದ್ದನ್ನೂ, ಆ ಅವಧಿಯ ವೇತನ ಏರಿಕೆಯಲ್ಲಿ ಕನಿಷ್ಠ ಮೂರನೇ ಒಂದು ಭಾಗ ಕೆಲಸ ಬದಲಾವಣೆಯಿಂದಲೇ ಬಂದದ್ದನ್ನೂ ತೋರಿಸಿತು. ಯಾವ ಕೆಲಸ ತನಗೆ ಹೊಂದುತ್ತದೆ ಎಂಬುದು ಆ ವಯಸ್ಸಿನಲ್ಲಿ ಯಾರಿಗೂ ಪೂರ್ತಿ ತಿಳಿದಿರುವುದಿಲ್ಲ. ಬದಲಾವಣೆಯೇ ಆ ಹುಡುಕಾಟ.

ಎರಡನೆಯದಾಗಿ, ಮಾರುಕಟ್ಟೆಯ ಹಸಿವು. ಅಮೆರಿಕದ ಕೇಂದ್ರ ಬ್ಯಾಂಕ್ ವ್ಯವಸ್ಥೆಯ ಭಾಗವಾದ ಅಟ್ಲಾಂಟಾದ ಫೆಡರಲ್ ರಿಸರ್ವ್ ಬ್ಯಾಂಕ್, ಅಲ್ಲಿ ಕೆಲಸ ಬದಲಿಸಿದವರ ಮತ್ತು ಬದಲಿಸದವರ ವೇತನ ಏರಿಕೆಯನ್ನು ಪ್ರತ್ಯೇಕವಾಗಿ ಪ್ರತಿ ತಿಂಗಳು ಪ್ರಕಟಿಸುತ್ತದೆ. ಸಿಬ್ಬಂದಿಗಾಗಿ ಸಂಸ್ಥೆಗಳು ಪೈಪೋಟಿ ನಡೆಸುತ್ತಿದ್ದ 2022ರ ನಡುಭಾಗದಲ್ಲಿ ಬದಲಿಸಿದವರ ಏರಿಕೆ ಶೇ 8ನ್ನು ದಾಟಿತ್ತು, ಉಳಿದವರದು ಶೇ 6ರ ಆಸುಪಾಸಿನಲ್ಲಿತ್ತು. ನೇಮಕಾತಿ ತಣ್ಣಗಾದಂತೆ ಈ ಅಂತರ ಕರಗಿತು. ಗಾಳಿ ಬಂದಾಗ ತೂರಿಕೊಳ್ಳಬೇಕು ಎಂಬ ಮಾತು ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಇಂತಹ ಅಂಕಿಗಳನ್ನು ಓದುವಾಗ ಒಂದು ಎಚ್ಚರಿಕೆ ಬೇಕು: ಒಳ್ಳೆಯ ಆಫರ್ ಸಿಕ್ಕವರೇ ಹೆಚ್ಚಾಗಿ ಕೆಲಸ ಬದಲಿಸುವುದರಿಂದ, ಅವರ ಸರಾಸರಿ ಏರಿಕೆ ಎಲ್ಲರಿಗೂ ಸಿಕ್ಕೇ ಸಿಗುತ್ತದೆಂದು ಭಾವಿಸಬಾರದು.

ಮೂರನೆಯದು, ನಿಮ್ಮ ಕೌಶಲ ನಿಮ್ಮ ಜೊತೆಗೆ ಬರುತ್ತದೆಯೇ ಎಂಬ ಪ್ರಶ್ನೆ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಎಲ್ಲೆಡೆ ಬಳಕೆಗೆ ಬರುವ ಕೌಶಲ ಮತ್ತು ಒಂದೇ ಸಂಸ್ಥೆಯಲ್ಲಿ ಮಾತ್ರ ಬೆಲೆಬಾಳುವ ಕೌಶಲ, ಇವೆರಡರ ವ್ಯತ್ಯಾಸವನ್ನು ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1960ರ ದಶಕದಲ್ಲಿ ಸ್ಪಷ್ಟಪಡಿಸಿದರು. ಲೆಕ್ಕಪತ್ರ, ಪ್ರೋಗ್ರಾಮಿಂಗ್, ವೆಲ್ಡಿಂಗ್ ಎಲ್ಲಿಗೆ ಹೋದರೂ ಬರುತ್ತವೆ. ಯಾವ ಕಡತ ಯಾರ ಮೇಜಿನಲ್ಲಿ ನಿಲ್ಲುತ್ತದೆ, ಹಳೆಯ ಗ್ರಾಹಕರನ್ನು ಹೇಗೆ ಸಮಾಧಾನಪಡಿಸಬೇಕು ಎಂಬ ಅರಿವು ಬರುವುದಿಲ್ಲ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನ ಬೋರಿಸ್ ಗ್ರಾಯ್ಸ್‌ಬರ್ಗ್ ವಾಲ್ ಸ್ಟ್ರೀಟ್‌ನ ಹೆಸರಾಂತ ಷೇರು ವಿಶ್ಲೇಷಕರನ್ನು ಅಧ್ಯಯನ ಮಾಡಿದಾಗ, ಸಂಸ್ಥೆ ಬದಲಿಸಿದ ಅನೇಕರ ಸಾಧನೆ ಕುಸಿದದ್ದು ಕಂಡುಬಂತು; ತಮ್ಮ ತಂಡವನ್ನೂ ಕರೆದೊಯ್ದವರ ಸ್ಥಿತಿ ಉತ್ತಮವಾಗಿತ್ತು. ವಾರ್ಟನ್ ಸ್ಕೂಲ್‌ನ ಮ್ಯಾಥ್ಯೂ ಬಿಡ್‌ವೆಲ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೊರಗಿನಿಂದ ಬಂದವರಿಗೆ, ಒಳಗಿನಿಂದಲೇ ಬಡ್ತಿ ಪಡೆದು ಅದೇ ಹುದ್ದೆಗೆ ಏರಿದವರಿಗಿಂತ ಸುಮಾರು ಶೇ 18ರಷ್ಟು ಹೆಚ್ಚು ಸಂಬಳ ಇತ್ತು. ಆದರೆ ಮೊದಲ ಎರಡು ವರ್ಷ ಅವರ ಕೆಲಸಕ್ಕೆ ಸಿಕ್ಕ ಅಂಕಗಳು ಕಡಿಮೆ, ಕೆಲಸ ಕಳೆದುಕೊಂಡವರ ಪ್ರಮಾಣವೂ ಹೆಚ್ಚು. ಹೆಚ್ಚಿನ ಸಂಬಳದ ಜೊತೆಗೆ ಹೆಚ್ಚಿನ ಅಪಾಯವೂ ಬರುತ್ತದೆ ಎಂಬುದನ್ನು ಲೆಕ್ಕದಲ್ಲಿಟ್ಟುಕೊಂಡೇ ಹೆಜ್ಜೆ ಇಡಬೇಕು.

ಆಫರ್ ಕೈಗೆ ಬಂದಾಗ

ಕೆಲಸದಲ್ಲಿದ್ದುಕೊಂಡೇ ಹುಡುಕಿ, ಬೇಡ ಎನ್ನಬಲ್ಲ ಸ್ಥಿತಿಯೇ ಚೌಕಾಸಿಯ ಬಲ. “ಈಗ ಎಷ್ಟು ಪಡೆಯುತ್ತಿದ್ದೀರಿ?” ಎಂಬ ಪ್ರಶ್ನೆ ಬಂದರೆ, ಸುಳ್ಳು ಹೇಳದೆ, “ಈ ಹುದ್ದೆಗೆ ನನ್ನ ನಿರೀಕ್ಷೆ ಇಷ್ಟು” ಎಂದು ಮಾತನ್ನು ಮುಂದಿನ ಕೆಲಸದತ್ತ ತಿರುಗಿಸಬಹುದು. ವೇತನ ಚೀಟಿಯನ್ನು ಆಮೇಲೆ ಕೇಳುವ ಸಾಧ್ಯತೆ ಇರುವುದರಿಂದ ಉತ್ಪ್ರೇಕ್ಷೆ ಮಾಡಿ ಸಿಕ್ಕಿಬೀಳುವುದು ಸುಲಭ.

ವಾರ್ಷಿಕ ಒಟ್ಟು ಮೊತ್ತ ನೋಡಿ ಹಿಗ್ಗಬಾರದು. ಖಚಿತವಾಗಿ ಪ್ರತಿ ತಿಂಗಳು ಕೈಗೆ ಬರುವುದೆಷ್ಟು, ಸಾಧನೆಯನ್ನು ಅವಲಂಬಿಸಿದ ಭಾಗವೆಷ್ಟು, ಆ ಭಾಗದಲ್ಲಿ ಕಳೆದ ಎರಡು ವರ್ಷ ಸಿಬ್ಬಂದಿಗೆ ನಿಜವಾಗಿ ಪಾವತಿಯಾದದ್ದು ಶೇಕಡಾ ಎಷ್ಟು ಎಂದು ಕೇಳಿ. ಸೇರ್ಪಡೆಯ ಬೋನಸ್ ಕೊಟ್ಟರೆ, ಎಷ್ಟು ತಿಂಗಳೊಳಗೆ ಬಿಟ್ಟರೆ ಅದನ್ನು ಹಿಂದಿರುಗಿಸಬೇಕು ಎಂಬ ಷರತ್ತನ್ನು ಓದಿ. ಷೇರುಗಳ ರೂಪದ ಸಂಭಾವನೆ ಹಲವೆಡೆ ನಾಲ್ಕು ವರ್ಷಗಳಲ್ಲಿ ಕಂತುಕಂತಾಗಿ ಕೈಸೇರುತ್ತದೆ. ಈಗಿನ ಕಡೆ ಇನ್ನೂ ಕೈಸೇರದ ಷೇರು, ಸದ್ಯದಲ್ಲೇ ಬರಬೇಕಾದ ಬೋನಸ್ ಇದ್ದರೆ ಅದನ್ನು ಹೊಸ ಆಫರ್‌ನಿಂದ ಕಳೆಯಬೇಕು. ವಿಮೆ, ನಿವೃತ್ತಿ ನಿಧಿಗೆ ಸಂಸ್ಥೆಯ ಪಾಲು, ರಜೆ, ಪ್ರೊಬೇಷನ್ ಅವಧಿ, ಇವೂ ಲೆಕ್ಕಕ್ಕೆ ಬರಬೇಕು. ದುಡಿಮೆಯ ಗಂಟೆಗಳನ್ನು ಹೆಚ್ಚಿನವರು ಮರೆಯುತ್ತಾರೆ: ವಾರಕ್ಕೆ 45 ಗಂಟೆಯ ಬದಲು 54 ಗಂಟೆ ದುಡಿಯಬೇಕಾದರೆ, ಶೇ 20ರ ಏರಿಕೆ ಎಂಬುದು ಗಂಟೆಯ ಲೆಕ್ಕದಲ್ಲಿ ಸೊನ್ನೆ.

ರಾಜೀನಾಮೆ ಕೊಟ್ಟ ಮೇಲೆ ಹಳೆಯ ಸಂಸ್ಥೆ ಅಷ್ಟೇ ಮೊತ್ತ ಕೊಡುತ್ತೇವೆ, ಉಳಿಯಿರಿ ಎನ್ನಬಹುದು. ಬಿಡಲು ಸಂಬಳವೊಂದೇ ಕಾರಣವಾಗಿದ್ದರೆ, ಏರಿಕೆ ಮತ್ತು ಹುದ್ದೆ ಎರಡೂ ಪತ್ರದಲ್ಲಿ ಬಂದರೆ, ಉಳಿಯುವುದರಲ್ಲಿ ತಪ್ಪಿಲ್ಲ. ಬೆಳವಣಿಗೆ ನಿಂತಿರುವುದು, ಗೌರವ ಸಿಗದಿರುವುದು ಕಾರಣವಾಗಿದ್ದರೆ ಆ ಮೊತ್ತದಿಂದ ಯಾವುದೂ ಬದಲಾಗುವುದಿಲ್ಲ. ಉಳಿಯುವ ಉದ್ದೇಶವಿದ್ದವರು ಬಿಡುತ್ತೇನೆಂದು ಸುಮ್ಮನೆ ಬೆದರಿಸುವುದನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ, ಏಕೆಂದರೆ “ಆಗಲಿ, ಹೋಗಿಬನ್ನಿ” ಎಂಬ ಉತ್ತರವೂ ಬರಬಹುದು.

ಸಹಿ ಮಾಡಿದ ಆಫರ್ ಪತ್ರದಲ್ಲಿ ಹುದ್ದೆ, ವೇತನದ ವಿಭಜನೆ ಮತ್ತು ಸೇರುವ ದಿನಾಂಕ ಇವೆಯೇ ಎಂದು ನೋಡಿಕೊಂಡು, ಹಿನ್ನೆಲೆ ಪರಿಶೀಲನೆಯಂತಹ ಷರತ್ತುಗಳೇನಾದರೂ ಬಾಕಿ ಇದ್ದರೆ ಅವು ಮುಗಿದ ಮೇಲೆಯೇ ರಾಜೀನಾಮೆ ಸಲ್ಲಿಸಿ. ನೋಟಿಸ್ ಅವಧಿಯಲ್ಲಿ ಕೆಲಸವನ್ನು ಲಿಖಿತವಾಗಿ ಒಪ್ಪಿಸಿ, ಬಿಡುಗಡೆ ಪತ್ರ, ಅನುಭವ ಪತ್ರ ಮತ್ತು ಕೊನೆಯ ತಿಂಗಳುಗಳ ವೇತನ ಚೀಟಿಗಳನ್ನು ಪಡೆದುಕೊಳ್ಳಿ. ಸಂಸ್ಥೆಯ ಇಮೇಲ್ ಖಾತೆ ಕೊನೆಯ ದಿನವೇ ಮುಚ್ಚಿಹೋಗುವುದರಿಂದ ಇವುಗಳನ್ನು ಅದಕ್ಕೆ ಮೊದಲೇ ನಿಮ್ಮ ಸ್ವಂತ ವಿಳಾಸಕ್ಕೆ ತರಿಸಿಕೊಂಡಿರಬೇಕು.