ಹಳದಿ ಉರಿ, ಮಸಿ ಹಂಚು: ನನ್ನ ಅನುಭವ

ಧಾರವಾಡದ ನಮ್ಮ ಮನೆಯಲ್ಲಿ ದಿನಾ ಜೋಳದ ರೊಟ್ಟಿ ಆಗಲೇಬೇಕು. ಹೋದ ತಿಂಗಳು ಗ್ಯಾಸ್ ಒಲೆಯ ದೊಡ್ಡ ಬರ್ನರ್ ಉರಿ ಹಳದಿಯಾಯಿತು. ಹಂಚಿನ ತಳಕ್ಕೆಲ್ಲ ಮಸಿ, ರೊಟ್ಟಿ ಉಬ್ಬುತ್ತಲೇ ಇರಲಿಲ್ಲ. ಸಿಲಿಂಡರ್ ಬದಲಿಸಿದೆ. ಏನೂ ಪ್ರಯೋಜನ ಆಗಲಿಲ್ಲ. ಸಣ್ಣ ಬರ್ನರ್ ನೀಲಿಯಾಗಿಯೇ ಉರಿಯುತ್ತಿತ್ತು. ಅಂದಮೇಲೆ ಸಿಲಿಂಡರ್, ರೆಗ್ಯುಲೇಟರ್ ಎರಡೂ ಸರಿ ಇದ್ದವು, ಅಲ್ವಾ?

ರಿಪೇರಿಯವರು ಬಂದು ರೆಗ್ಯುಲೇಟರ್ ಬಂದ್ ಮಾಡಿ, ಒಲೆ ಬೋರಲು ಹಾಕಿದರು. ಗ್ಯಾಸಿಗೆ ಸಾಕಷ್ಟು ಗಾಳಿ ಬೆರೆಯದಿದ್ದರೆ ಉರಿ ಹಳದಿಯಾಗುತ್ತದೆ, ಮಸಿ ಕಟ್ಟುತ್ತದೆ. ನಮ್ಮ ಒಲೆಯಲ್ಲಿ ಗಾಳಿ ಸೇರುವ ಕೊಳವೆಯೊಳಗೆ ಜೇಡರ ಬಲೆ, ಅದಕ್ಕೆ ಅಂಟಿದ ಹಿಟ್ಟು! ಬರ್ನರ್ ತೂತುಗಳಲ್ಲೂ ಅದೇ ಹಿಟ್ಟು. ಬ್ರಷ್ ಹಾಕಿ ತಿಕ್ಕಿ, ತೊಳೆದು, ಪೂರ್ತಿ ಒಣಗಿಸಿದರು. ಗ್ಯಾಸ್ ಹೊರಬರುವ ಸಣ್ಣ ತೂತಿನ ಜೆಟ್ ಬಿಚ್ಚಿ ಊದಿದರು.

"ಇದಕ್ಕ ಪಿನ್ನು ಚುಚ್ಚಬ್ಯಾಡ್ರಿ ಅಕ್ಕಾರ, ತೂತು ದೊಡ್ಡದಾದ್ರ ಗ್ಯಾಸ್ ಜಾಸ್ತಿ ಬರ್ತದ" ಎಂದರು. ಈ ಮಾತು ನನಗೆ ಬಹಳ ಮುಖ್ಯ ಅನಿಸಿತು. ನಾನು ಪಿನ್ನು ಹುಡುಕಿಯೇ ಇಟ್ಟಿದ್ದೆ.

ಪೈಪಿನ 5 ವರ್ಷದ ಅವಧಿಯೂ ಮುಗಿದಿತ್ತು, ಹೊಸದು ಹಾಕಿಸಿದೆ. ಗ್ಯಾಸ್ ಸೋರುತ್ತಿದೆಯೇ ಎಂದು ಜೋಡಣೆಗೆಲ್ಲ ಸಾಬೂನು ನೀರು ಹಚ್ಚಿ ನೋಡಿದೆವು. ಎಲ್ಲೂ ಗುಳ್ಳೆ ಏಳಲಿಲ್ಲ. ರಾತ್ರಿ ನೀಲಿ ಉರಿಯ ಮೇಲೆ ಮೊದಲ ರೊಟ್ಟಿಯೇ ಚೆನ್ನಾಗಿ ಉಬ್ಬಿತು.