ವ್ಯಾಟ್ ಲೆಕ್ಕಕ್ಕೆ ಮರುಳಾಗಬೇಡಿ: ಕಡಿಮೆ ಬಜೆಟ್ಟಿನಲ್ಲಿ ಎ.ವಿ. ರಿಸೀವರ್ ಆರಿಸುವುದು ಹೇಗೆ?

ಮನೆಗೆ ದೊಡ್ಡ ಟಿ.ವಿ. ಬಂದು ತಿಂಗಳಾಗುವಷ್ಟರಲ್ಲಿ ಒಂದು ಕೊರಗು ಶುರುವಾಗುತ್ತದೆ. ಚಿತ್ರವೇನೋ ಕಣ್ಣಿಗೆ ಹಬ್ಬ, ಮಾತು ಮಾತ್ರ ಕಿವಿಗೆ ಸರಿಯಾಗಿ ಬೀಳುವುದಿಲ್ಲ. ಅಷ್ಟು ತೆಳ್ಳಗಿನ ಟಿ.ವಿ.ಯೊಳಗೆ ಒಳ್ಳೆಯ ಸ್ಪೀಕರ್ ಕೂರಿಸಲು ಜಾಗವೇ ಇರುವುದಿಲ್ಲ. ರಾತ್ರಿ ಸಿನಿಮಾ ನೋಡಬೇಕು, ಬೆಳಿಗ್ಗೆ ಕಾಫಿ ಹೊತ್ತಿಗೆ ವೀಣೆಯನ್ನೂ ನೆಮ್ಮದಿಯಾಗಿ ಕೇಳಬೇಕು ಅನ್ನುವವರಿಗೆ ಸೌಂಡ್‌ಬಾರ್‌ಗಿಂತ ರಿಸೀವರ್ ಮತ್ತು ಬಿಡಿ ಸ್ಪೀಕರುಗಳೇ ಮೇಲು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಒಂದು ಕೆಟ್ಟರೆ ಅದನ್ನಷ್ಟೇ ಬದಲಿಸಬಹುದು. ಕೈಯಲ್ಲಿ ದುಡ್ಡು ಸೇರಿದಂತೆ ಸ್ಪೀಕರ್ ಸೇರಿಸುತ್ತಾ ಹೋಗಬಹುದು.

ಎ.ವಿ. ರಿಸೀವರ್ ಅಂದರೆ ಆಂಪ್ಲಿಫೈಯರ್, ಸುತ್ತಲಿಂದ ಬರುವ ಸಿನಿಮಾ ಸದ್ದಿನ ಡಾಲ್ಬಿ-ಡಿಟಿಎಸ್ ರೂಪಗಳನ್ನು ಬಿಡಿಸುವ ಡಿಕೋಡರ್, ಚಿತ್ರ-ಸದ್ದು ಎರಡನ್ನೂ ಸಾಗಿಸುವ ಎಚ್‌ಡಿಎಂಐ ಕೇಬಲ್ಲುಗಳ ಸ್ವಿಚ್, ರೇಡಿಯೊ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ. ಸೆಟ್‌ಟಾಪ್ ಬಾಕ್ಸು, ಬ್ಲೂ-ರೇ ಪ್ಲೇಯರ್ ಮುಂತಾದವನ್ನು ಇದಕ್ಕೆ ಚುಚ್ಚಿದರೆ, ಇಲ್ಲಿಂದ ಟಿ.ವಿ.ಗೆ ಒಂದೇ ಕೇಬಲ್ ಸಾಕು.

ಮೊದಲು ಸ್ಪೀಕರ್, ಆಮೇಲೆ ರಿಸೀವರ್

ಬಹಳ ಜನ ಇದನ್ನು ತಿರುಗುಮುರುಗು ಮಾಡುತ್ತಾರೆ. ರಿಸೀವರಿಗೆ ಇದ್ದ ದುಡ್ಡೆಲ್ಲ ಸುರಿದು, ಉಳಿದ ಚಿಲ್ಲರೆಯಲ್ಲಿ ಐದು ಪುಟ್ಟ ಸ್ಪೀಕರ್ ತಂದು ಗೋಡೆಗೆ ನೇತುಹಾಕುತ್ತಾರೆ. ನನ್ನ ಸಲಹೆ: ಒಟ್ಟು ಬಜೆಟ್ಟಿನ ಅರ್ಧದಷ್ಟನ್ನು ಮುಂದಿನ ಎರಡು ಸ್ಪೀಕರುಗಳಿಗೆ ತೆಗೆದಿಡಿ. ಐದು ಕಳಪೆ ಸ್ಪೀಕರಿಗಿಂತ ಎರಡು ಒಳ್ಳೆಯವು ಸಿನಿಮಾಕ್ಕೂ ಹಿತ, ಸಂಗೀತಕ್ಕಂತೂ ಅವೇ ಜೀವ. ಮಾತಿಗೆಂದೇ ನಡುವೆ ಇಡುವ ಸೆಂಟರ್, ಹಿಂದಿನ ಸ್ಪೀಕರ್, ಗುಡುಗುವ ತಗ್ಗು ಸದ್ದಿಗೆಂದೇ ಇರುವ ಸಬ್‌ವೂಫರ್ ಮುಂದಿನ ವರ್ಷ ಬರಲಿ.

ಸ್ಪೀಕರ್ ಕೊಳ್ಳುವಾಗ ಎರಡು ಅಂಕಿ ಬರೆದಿಟ್ಟುಕೊಳ್ಳಿ: ಇಂಪೀಡೆನ್ಸ್ (ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆ) ಎಷ್ಟು ಓಮ್, ಸೆನ್ಸಿಟಿವಿಟಿ (ಅಷ್ಟೇ ವ್ಯಾಟಿಗೆ ಸ್ಪೀಕರ್ ಎಷ್ಟು ಜೋರಾಗಿ ನುಡಿಯುತ್ತದೆ ಎಂಬ ಅಳತೆ) ಎಷ್ಟು ಡೆಸಿಬೆಲ್. ಕಡಿಮೆ ಬೆಲೆಯ ರಿಸೀವರುಗಳಿಗೆ 6 ಅಥವಾ 8 ಓಮ್ ಸ್ಪೀಕರ್ ಕ್ಷೇಮ. 4 ಓಮ್ ಸ್ಪೀಕರನ್ನು ಜೋರಾಗಿ ನುಡಿಸಲು ಹೋದರೆ ರಿಸೀವರೇ ಬಿಸಿಯೇರಿ ಆಫ್ ಆಗಬಹುದು.

ಈಗ ವ್ಯಾಟ್ ಮಾತು

ಕ್ಯಾಸೆಟ್ ಕಾಲದ ಟೇಪ್‌ರೆಕಾರ್ಡರ್‌ಗಳ ಮೇಲೆ ‘1000 ವ್ಯಾಟ್ ಪಿಎಂಪಿಒ’ (ಕ್ಷಣಮಾತ್ರದ ಗರಿಷ್ಠ ಶಕ್ತಿ ಎಂಬ ಉಬ್ಬಿಸಿದ ಲೆಕ್ಕ) ಎಂಬ ಹೊಳೆಯುವ ಸ್ಟಿಕರ್ ಇರುತ್ತಿದ್ದುದು ನಿಮಗೂ ನೆನಪಿರಬಹುದು. ನಮ್ಮ ಮನೆಯಲ್ಲಿ ಇದ್ದದ್ದನ್ನು ಒಮ್ಮೆ ತಿರುಗಿಸಿ ನೋಡಿದರೆ, ಅದು ಎಳೆಯುವ ಕರೆಂಟು 40 ವ್ಯಾಟ್ ಎಂದು ಹಿಂಬದಿಯ ಲೇಬಲ್ಲಿನಲ್ಲಿತ್ತು. ಅಪ್ಪ ಆ ಸಾವಿರವನ್ನು ನಂಬಿಯೇ ದುಡ್ಡು ಕೊಟ್ಟಿದ್ದರು. ಇದು ನಮ್ಮೂರಿನ ರೋಗ ಮಾತ್ರವಲ್ಲ. ಆಂಪ್ಲಿಫೈಯರ್‌ನ ವ್ಯಾಟನ್ನು ಹೇಗೆ ಅಳೆದು ಹೇಳಬೇಕು ಎಂಬುದಕ್ಕೆ ಅಮೆರಿಕ 1974ರಲ್ಲೇ ನಿಯಮ ತರಬೇಕಾಯಿತು.

ರಿಸೀವರುಗಳು ಅಷ್ಟು ದೊಡ್ಡ ಸುಳ್ಳು ಹೇಳುವುದಿಲ್ಲ, ಆದರೆ ಡಬ್ಬದ ಮೇಲೆ ಅಚ್ಚಾಗುವುದು ಚೆಂದದ ಅಂಕಿಯೇ. ಯಮಹಾ ಆರ್‌ಎಕ್ಸ್-ವಿ385 ಎಂಬ 5.1 (ಐದು ಸ್ಪೀಕರ್, ಒಂದು ಸಬ್‌ವೂಫರ್) ರಿಸೀವರನ್ನೇ ನೋಡಿ. ಒಂದೇ ಪೆಟ್ಟಿಗೆಗೆ ಕಂಪನಿ ಕೊಡುವ ಅಂಕಿಗಳು ಮೂರು: 70, 100, 135 ವ್ಯಾಟ್. 135 ಬರುವುದು ಒಂದೇ ಚಾನೆಲ್ (ಅಂದರೆ ಒಂದು ಸ್ಪೀಕರಿನ ಪಾಲು) ನುಡಿಸಿ, 1 ಕಿಲೋಹರ್ಟ್ಜ್‌ನ ಒಂದೇ ಸ್ವರ ಕೊಟ್ಟು, ಶೇ 10ರಷ್ಟು ವಿಕಾರವನ್ನು ಸಹಿಸಿಕೊಂಡಾಗ. ಅಷ್ಟು ಒಡಕು ದನಿಯನ್ನು ಯಾರೂ ಕೂತು ಕೇಳಲಾರರು. 70 ಎಂಬುದು ಎರಡು ಚಾನೆಲ್ ಒಟ್ಟಿಗೆ, 20 ಹರ್ಟ್ಜ್‌ನಿಂದ 20 ಕಿಲೋಹರ್ಟ್ಜ್‌ವರೆಗೆ ಅಂದರೆ ಕಿವಿಗೆ ಕೇಳುವ ಇಡೀ ವ್ಯಾಪ್ತಿಯಲ್ಲಿ, ಶೇ 0.09ರ ವಿಕಾರದಲ್ಲಿ ಅಳೆದದ್ದು. ಎರಡು ಮಾಡೆಲ್ ಹೋಲಿಸುವಾಗ ಈ 70ರ ಬಗೆಯ ಅಂಕಿಯನ್ನೇ ಹುಡುಕಿ. ಓಮ್ ಕೂಡ ಒಂದೇ ಇದೆಯೇ ನೋಡಿ. 6 ಓಮ್‌ನಲ್ಲಿ ಅಳೆದ 70ಕ್ಕಿಂತ 8 ಓಮ್‌ನಲ್ಲಿ ಅಳೆದ 70 ಹೆಚ್ಚು ತೂಕದ್ದು.

ಹಾಗಾದರೆ ಎಷ್ಟು ವ್ಯಾಟ್ ಬೇಕು? ಕಿವಿಯ ಲೆಕ್ಕವೇ ಬೇರೆ. ವ್ಯಾಟ್ ಇಮ್ಮಡಿಯಾದರೆ ಶಬ್ದ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ‘ಎರಡರಷ್ಟು ಜೋರು’ ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. 70ಕ್ಕೂ 100ಕ್ಕೂ ನಡುವಿನ ಅಂತರ ಬರೀ ಒಂದೂವರೆ ಡೆಸಿಬೆಲ್. ಆದರೆ 88 ಡೆಸಿಬೆಲ್ ಸೆನ್ಸಿಟಿವಿಟಿಯ ಸ್ಪೀಕರ್ ಬಿಟ್ಟು 91ರದ್ದನ್ನು ತಂದರೆ, ಇರುವ ರಿಸೀವರಿನ ಶಕ್ತಿಯನ್ನೇ ಇಮ್ಮಡಿ ಮಾಡಿದಂತೆ. 12 ಅಡಿಗೆ 15 ಅಡಿಯ ಹಾಲಿನಲ್ಲಿ ಮನೆಮಂದಿ ಕೂತು ಕೇಳುವ ಮಟ್ಟಕ್ಕೆ ಹೆಚ್ಚಿನ ಹೊತ್ತು ಖರ್ಚಾಗುವುದು ಕೆಲವೇ ವ್ಯಾಟ್. ಮಿಕ್ಕದ್ದು ಮೃದಂಗದ ಒಂದು ಗಟ್ಟಿ ಪೆಟ್ಟಿಗೆ, ಸಿನಿಮಾದ ಒಂದು ಸ್ಫೋಟಕ್ಕೆ ಮೀಸಲು. ನಿಜವಾದ 70 ವ್ಯಾಟ್ ಧಾರಾಳ.

ಹಿಂಬದಿ ತಿರುಗಿಸಿ ನೋಡಿ

ಅಂಗಡಿಯಲ್ಲಿ ಮುಂಭಾಗದ ದೀಪ ನೋಡುವುದಕ್ಕಿಂತ ಹಿಂಭಾಗದ ಕಿಂಡಿಗಳನ್ನು ಎಣಿಸಿ. ಸಬ್‌ವೂಫರ್ ಪ್ರಿ-ಔಟ್, ಅಂದರೆ ಸಬ್‌ವೂಫರಿಗೆ ತಂತಿ ಚುಚ್ಚುವ ಕಿಂಡಿ, ಇರಲೇಬೇಕು. ಟಿ.ವಿ.ಯ ಆ್ಯಪ್‌ಗಳ ಸದ್ದು ರಿಸೀವರಿಗೆ ಮರಳಿ ಬರಲು ಎಚ್‌ಡಿಎಂಐ ಎಆರ್‌ಸಿ ಬೇಕು. ಅದರ ಹೊಸ, ಹೆಚ್ಚು ಸಾಮರ್ಥ್ಯದ ರೂಪವಾದ ಇಎಆರ್‌ಸಿ ಇದ್ದರೆ ಒಳ್ಳೆಯದೇ, ಆದರೆ ಅದೊಂದಕ್ಕಾಗಿ ಬಜೆಟ್ ಮೀರಬೇಡಿ. ಒಟಿಟಿಯ ಆಟ್‌ಮೋಸ್ (ಮೇಲಿಂದಲೂ ಸದ್ದು ಕೇಳಿಸುವ ಡಾಲ್ಬಿ ವಿಧಾನ) ಸಾಮಾನ್ಯವಾಗಿ ಬರುವುದು ಡಾಲ್ಬಿ ಡಿಜಿಟಲ್ ಪ್ಲಸ್ ರೂಪದಲ್ಲಿ, ಅದು ಮಾಮೂಲಿ ಎಆರ್‌ಸಿಯಲ್ಲೇ ಹಾಯುತ್ತದೆ. ಬ್ಲೂ-ರೇ ಪ್ಲೇಯರನ್ನು ನೇರ ರಿಸೀವರಿಗೇ ಜೋಡಿಸಿದರೆ ಇಎಆರ್‌ಸಿಯ ಕೆಲಸವೇ ಇಲ್ಲ. 4ಕೆ ಸಾಧನಗಳಿದ್ದರೆ ಎಚ್‌ಡಿಸಿಪಿ 2.2 (4ಕೆ ಚಿತ್ರ ಹಾಯಲು ಬೇಕಾದ ನಕಲು-ತಡೆ ವ್ಯವಸ್ಥೆ) ಇದೆಯೇ ಕೇಳಿ. ತಲೆಯ ಮೇಲಿಂದ ಸದ್ದು ಬರುವ 5.1.2 ಜೋಡಣೆಗೆ (5.1ರ ಜೊತೆ ಎತ್ತರದ ಎರಡು ಸ್ಪೀಕರ್) ಏಳು ಚಾನೆಲ್ ರಿಸೀವರ್ ಬೇಕು. ಮೊದಲ ಬಾರಿ ಕೊಳ್ಳುವವರಿಗೆ ಐದು ಚಾನೆಲ್ ಸಾಕು ಅನ್ನುವೆ.

ಎಲ್‌ಪಿ ರೆಕಾರ್ಡ್ ಇಟ್ಟುಕೊಂಡವರು ‘ಫೋನೊ’ ಎಂದು ಬರೆದ ಕಿಂಡಿ ಹುಡುಕಲಿ. ಅಗ್ಗದ ಮಾಡೆಲುಗಳಲ್ಲಿ ಅದು ಇಲ್ಲದಿರುವುದೇ ಹೆಚ್ಚು. ಹಾಗಿದ್ದರೆ ರೆಕಾರ್ಡ್ ಪ್ಲೇಯರಿನ ಕ್ಷೀಣ ಸದ್ದನ್ನು ಹಿಗ್ಗಿಸುವ ಚಿಕ್ಕ ಫೋನೊ ಪ್ರಿಆಂಪ್ ಬೇರೆ ಕೊಳ್ಳಬೇಕಾಗುತ್ತದೆ. ಇನ್ನು ನಿಮ್ಮದು ಮುಕ್ಕಾಲು ಪಾಲು ಸಂಗೀತವೇ ಆದರೆ ಸ್ಟೀರಿಯೊ ಆಂಪ್ಲಿಫೈಯರ್ ನೋಡಿ. ಅಷ್ಟೇ ದುಡ್ಡು ಎರಡೇ ಚಾನೆಲ್ಲಿಗೆ ಖರ್ಚಾಗಿರುತ್ತದೆ, ಅದು ಕಿವಿಗೆ ಗೊತ್ತಾಗುತ್ತದೆ.

ಅಮೆರಿಕದಲ್ಲಿರುವ ಮಗನೋ ಸೊಸೆಯೋ ಅಲ್ಲಿಂದ ತರುತ್ತೇವೆ ಅಂದರೆ ಬೇಡವೆನ್ನಿ. ಅಲ್ಲಿಯದು 120 ವೋಲ್ಟ್, ನಮ್ಮದು 230. ಮರೆತು ನೇರ ಚುಚ್ಚಿದರೆ ಒಂದೇ ಕ್ಷಣದಲ್ಲಿ ಸುಟ್ಟುಹೋಗಬಹುದು.

ಮನೆಗೆ ತಂದ ಮೇಲೆ

ಗಾಜಿನ ಬಾಗಿಲಿನ ಶೋಕೇಸಿನಲ್ಲಿ ಇಡಬೇಡಿ, ಮೇಲೆ ಒಂದು ಗೇಣು ಗಾಳಿಯಾಡಲು ಬಿಡಿ. ದುಬಾರಿ ಸ್ಪೀಕರ್ ಕೇಬಲ್ ಬೇಡ. ಇಲೆಕ್ಟ್ರಿಕಲ್ ಅಂಗಡಿಯ 1.5 ಚದರ ಮಿಲಿಮೀಟರ್ ತಾಮ್ರದ ತಂತಿ ಸಾಮಾನ್ಯ ಹಾಲಿಗೆ ಸಾಕು. ಟೈಲ್ಸ್ ನೆಲದಲ್ಲಿ ಸದ್ದು ಪುಟಿದು ಮಾತು ಕಲಸಿಹೋಗುತ್ತದೆ. ಸ್ಪೀಕರಿಗೂ ಸೋಫಾಕ್ಕೂ ನಡುವೆ ದಪ್ಪ ಜಮಖಾನ ಹಾಸಿ ನೋಡಿ, ವ್ಯತ್ಯಾಸ ಅಲ್ಲೇ ತಿಳಿಯುತ್ತದೆ.

ಆಡಿಸ್ಸಿ, ವೈಪಾವ್ ಹೀಗೆ ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿರುವ ಕೋಣೆ ಅಳೆಯುವ ವ್ಯವಸ್ಥೆಗೆ ಪುಟ್ಟ ಮೈಕ್ ಜೊತೆಗೇ ಬರುತ್ತದೆ. ಅದನ್ನು ಡಬ್ಬದಲ್ಲೇ ಬಿಡುವವರು ಬಹಳ. ರಾತ್ರಿ ಅಡುಗೆಮನೆಯ ಸದ್ದಡಗಿದ ಮೇಲೆ, ಫ್ಯಾನ್ ಆರಿಸಿ, ನೀವು ಕೂರುವ ಜಾಗದಲ್ಲಿ ಕಿವಿಯ ಎತ್ತರಕ್ಕೆ ಆ ಮೈಕ್ ನಿಲ್ಲಿಸಿ ಅಳತೆ ನಡೆಸಿ. ಸಬ್‌ವೂಫರ್ ಇದ್ದರೆ ಪುಸ್ತಕದ ಗಾತ್ರದ ಸ್ಪೀಕರುಗಳನ್ನು ರಿಸೀವರಿನ ಸೆಟ್ಟಿಂಗಿನಲ್ಲಿ ‘ಸ್ಮಾಲ್’ ಎಂದೇ ಇಟ್ಟು, ಕ್ರಾಸ್‌ಓವರ್ (ಯಾವುದರ ಕೆಳಗಿನ ಸದ್ದು ಸಬ್‌ವೂಫರಿಗೆ ಹೋಗಬೇಕು ಎಂಬ ಗಡಿ) 80 ಹರ್ಟ್ಜ್‌ಗೆ ಹೊಂದಿಸಿ.

ಕೊನೆಗೆ ರಿಸೀವರನ್ನು ಸ್ಟೀರಿಯೊಗೆ ಹಾಕಿ, ನಿಮಗೆ ಬಾಯಿಪಾಠವಾದಷ್ಟು ಪರಿಚಯದ ಒಂದು ಗಾಯನ ಹಚ್ಚಿ, ಎರಡು ಸ್ಪೀಕರಿಗೂ ಸಮದೂರದಲ್ಲಿ ಕೂತುಕೊಳ್ಳಿ. ದನಿ ನಟ್ಟನಡುವೆ, ಸ್ಪೀಕರೇ ಇಲ್ಲದ ಜಾಗದಿಂದ ಬರಬೇಕು. ಅದರ ಬದಲು ದನಿ ಅಲ್ಲಿಷ್ಟು ಇಲ್ಲಿಷ್ಟು ಚದುರಿ, ಮೃದಂಗದ ಎಡಭಾಗ ಸೊರಗಿದಂತೆ ಕೇಳಿದರೆ ರಿಸೀವರನ್ನು ಬೈಯಬೇಡಿ. ಅದನ್ನು ಆಫ್ ಮಾಡಿ ಹಿಂದೆ ಹೋಗಿ ನೋಡಿ: ಯಾವುದೋ ಒಂದು ಸ್ಪೀಕರಿನ ಕೆಂಪು ತಂತಿ ಕಪ್ಪು ಕಿಂಡಿಯಲ್ಲಿರುತ್ತದೆ.